ಉತ್ತರ ಬರಲಿಲ್ಲ ಅಂದ್ರೆ ಶತ್ರು ಅಂತಲ್ಲ: ಐಎಫ್‌ಎಫ್ ಅನ್ನೋ ಮೂರಕ್ಷರದ ಕಥೆ

ಪಾಡ್‌ಕಾಸ್ಟ್ ಸಂಚಿಕೆಯ ಅಕ್ಷರರೂಪ



2025ರ ಮೇ ತಿಂಗಳನ್ನ ಒಂದ್ಸಲ ನೆನಪು ಮಾಡ್ಕೊಳ್ಳಿ. ಆಪರೇಷನ್ ಸಿಂಧೂರ ನಡೀತಿದ್ದ ದಿನಗಳು. ಟಿವಿ ಹಾಕಿದ್ರೂ, ಫೋನ್ ತೆಗೆದ್ರೂ ಬರೀ ಅಕ್ಷರಗಳು. ಎಸ್-400, ಸ್ಯಾಮ್, ಎಂಆರ್‌ಸ್ಯಾಮ್, ಐಎಸಿಸಿಎಸ್... ಆ್ಯಂಕರ್‌ಗಳು ಹುಟ್ಟಿದಾಗಿಂದ ಇದನ್ನೇ ಓದ್ಕೊಂಡು ಬಂದವರ ಥರ ಮಾತಾಡ್ತಿದ್ರು. ನಾವು ತಲೆ ಅಲ್ಲಾಡಿಸ್ತಿದ್ವಿ.

ಇದರಲ್ಲಿ ತುಂಬಾ ಪದಗಳು ನಿಜಕ್ಕೂ ಸುಲಭ. ಸ್ಯಾಮ್ ಅಂದ್ರೆ ಸರ್ಫೇಸ್ ಟು ಏರ್ ಮಿಸೈಲ್, ನೆಲದಿಂದ ಆಕಾಶದ ಗುರಿಗೆ ಹಾರೋ ಕ್ಷಿಪಣಿ. ಅದರ ಮುಂದೆ ಎಂಆರ್ ಸೇರಿದ್ರೆ ಮೀಡಿಯಂ ರೇಂಜ್, ಮಧ್ಯಮ ದೂರದ್ದು. ಕ್ಯೂಆರ್ ಸೇರಿದ್ರೆ ಕ್ವಿಕ್ ರಿಯಾಕ್ಷನ್, ತಕ್ಷಣ ಹಾರೋದು. ಬಿಎಂಡಿ ಅಂದ್ರೆ ಬ್ಯಾಲಿಸ್ಟಿಕ್ ಮಿಸೈಲ್ ಡಿಫೆನ್ಸ್. ನಾವು ದಿನಾ ಬಳಸೋ ರಾಡಾರ್ ಅನ್ನೋ ಪದಾನೂ ಹೀಗೇ ಹುಟ್ಟಿದ್ದು: ರೇಡಿಯೋ ಡಿಟೆಕ್ಷನ್ ಅಂಡ್ ರೇಂಜಿಂಗ್. ಇವನ್ನೆಲ್ಲ ಗೂಗಲ್ ಮಾಡಿದ್ರೆ ಒಂದು ನಿಮಿಷದಲ್ಲಿ ಸಿಗುತ್ತೆ.

ಆದ್ರೆ ಸುದ್ದಿಯಲ್ಲಿ ಅಷ್ಟಾಗಿ ಕೇಳಿಸದ ಮೂರಕ್ಷರ ಒಂದಿದೆ. ಐಎಫ್‌ಎಫ್. ಐಡೆಂಟಿಫಿಕೇಶನ್ ಫ್ರೆಂಡ್ ಆರ್ ಫೋ. ಮಿತ್ರನೋ ಶತ್ರುವೋ ಅಂತ ಗುರುತಿಸೋ ವ್ಯವಸ್ಥೆ. ಇವತ್ತಿನ ಸಂಚಿಕೆ ಪೂರ್ತಿ ಇದರ ಬಗ್ಗೆ. ಯಾಕಂದ್ರೆ ಈ ಹೆಸರಿನಲ್ಲೇ ಒಂದು ಮೋಸ ಇದೆ, ಮತ್ತೆ ಆ ಮೋಸಕ್ಕೆ ಜನ ಜೀವ ತೆತ್ತಿದ್ದಾರೆ.

ಮೊದಲು ಇದು ಹೇಗೆ ಕೆಲಸ ಮಾಡುತ್ತೆ ನೋಡೋಣ. ರಾಡಾರ್ ಪರದೆ ಮೇಲೆ ಒಂದು ಚುಕ್ಕಿ ಕಾಣಿಸ್ತು ಅಂದ್ಕೊಳ್ಳಿ. ಏನೋ ಹಾರ್ತಾ ಇದೆ, ಇಷ್ಟು ವೇಗ, ಇಷ್ಟು ಎತ್ತರ, ಈ ದಿಕ್ಕು. ಅಷ್ಟು ರಾಡಾರ್ ಹೇಳುತ್ತೆ. ಅದು ಯಾರದ್ದು ಅಂತ ಹೇಳಲ್ಲ. ಆಗ ನೆಲದಲ್ಲಿರೋ ಯಂತ್ರ ರೇಡಿಯೋ ಮೂಲಕ ಒಂದು ಪ್ರಶ್ನೆ ಕಳಿಸುತ್ತೆ. ವಿಮಾನದಲ್ಲಿರೋ ಟ್ರಾನ್ಸ್‌ಪಾಂಡರ್ ಅನ್ನೋ ಪೆಟ್ಟಿಗೆ ತಾನಾಗೇ ಒಂದು ಕೋಡ್‌ನಲ್ಲಿ ಉತ್ತರ ಕೊಡುತ್ತೆ. ಪೈಲಟ್ ಏನೂ ಮಾತಾಡಬೇಕಾಗಿಲ್ಲ. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷರು ಇದಕ್ಕೆ ಇಟ್ಟಿದ್ದ ಗುಪ್ತ ಹೆಸರು ಪ್ಯಾರಟ್, ಅಂದ್ರೆ ಗಿಣಿ. ಅದಕ್ಕೇ ಇವತ್ತಿಗೂ ವಿಮಾನದ ಪೈಲಟ್‌ಗಳು ತಮ್ಮ 4 ಅಂಕಿಯ ಕೋಡ್‌ಗೆ ಸ್ಕ್ವಾಕ್ ಅಂತಾರೆ, ಗಿಣಿ ಕೂಗಿದ ಹಾಗೆ. ಫೋನಲ್ಲಿ ವಿಮಾನ ಟ್ರ್ಯಾಕ್ ಮಾಡೋ ಆ್ಯಪ್ ಇಟ್ಕೊಂಡವರು ಈ ಪದ ನೋಡಿರ್ತೀರಿ. 7700 ಅಂತ ಸ್ಕ್ವಾಕ್ ಬಂದ್ರೆ ಅಲ್ಲಿ ತುರ್ತು ಪರಿಸ್ಥಿತಿ ಅಂತ ಅರ್ಥ.

ಈಗ ನಮ್ಮೂರಿನ ಒಂದು ಹಳೇ ಕಥೆ. ‘ನಾಳೆ ಬಾ’ ಗೊತ್ತಲ್ವಾ? ರಾತ್ರಿ ಹೊತ್ತು ಒಂದು ದೆವ್ವ ಬಾಗಿಲು ತಟ್ಟುತ್ತೆ, ಮನೆಯವರ ದನಿಯಲ್ಲೇ ಕರೆಯುತ್ತೆ, ಬಾಗಿಲು ತೆಗೆದ್ರೆ ಮುಗೀತು ಅಂತ ನಂಬಿಕೆ. ಅದಕ್ಕೇ ಜನ ಬಾಗಿಲ ಮೇಲೆ ‘ನಾಳೆ ಬಾ’ ಅಂತ ಬರೀತಿದ್ರು. ಐಎಫ್‌ಎಫ್ ಮಾಡಿದವರಿಗೂ ಇದೇ ಭಯ. ಶತ್ರು ನಮ್ಮವರ ದನಿಯಲ್ಲೇ ಉತ್ತರ ಕೊಟ್ಟುಬಿಟ್ರೆ? ಹಾಗಾಗಿ ಸೇನೆಗಳು ಗೂಢಲಿಪಿ ಇರೋ ಕೋಡ್‌ಗಳನ್ನ ಬಳಸ್ತವೆ. ಆ ಕೀ ಇಲ್ಲದವನು ಸರಿಯಾದ ಉತ್ತರ ಕೊಡಕ್ಕಾಗಲ್ಲ.

ಆಯ್ತು. ಈಗ ಇದೇ ಕಥೆಯನ್ನ ತಿರುಗಿಸಿ ನೋಡಿ. ರಾತ್ರಿ ಬಾಗಿಲು ತಟ್ಟಿದ ಸದ್ದು. ನೀವು ಒಳಗಿಂದ “ಯಾರದು?” ಅಂತೀರಿ. ಉತ್ತರ ಇಲ್ಲ. ಹೊರಗಿರೋದು ಕಳ್ಳನೇ ಇರಬಹುದು. ಕಿವಿಗೆ ಇಯರ್‌ಫೋನ್ ಹಾಕ್ಕೊಂಡಿರೋ ನಿಮ್ಮ ತಮ್ಮನೂ ಇರಬಹುದು. ಕಿವಿ ಸರಿಯಾಗಿ ಕೇಳದ ಪಕ್ಕದ್ಮನೆ ಅಜ್ಜನೂ ಇರಬಹುದು.

ಐಎಫ್‌ಎಫ್ ಕೂಡ ಅಷ್ಟೇ. ಸರಿ ಉತ್ತರ ಬಂದ್ರೆ ‘ಇವನು ನಮ್ಮವನು’ ಅಂತ ಹೇಳುತ್ತೆ. ಉತ್ತರ ಬರದಿದ್ರೆ? ‘ಗೊತ್ತಿಲ್ಲ’ ಅಂತಷ್ಟೇ ಅರ್ಥ. ಹೆಸರಲ್ಲಿ ‘ಫೋ’ ಇದೆ, ಶತ್ರು ಇದ್ದಾನೆ. ಆದ್ರೆ ಶತ್ರುವನ್ನ ಗುರುತಿಸೋ ಶಕ್ತಿ ಇದಕ್ಕಿಲ್ಲ. ಸೇನೆಯ ನಕ್ಷೆಗಳಲ್ಲಿ ಸಾಮಾನ್ಯವಾಗಿ ನಮ್ಮವರಿಗೆ ನೀಲಿ, ಶತ್ರುವಿಗೆ ಕೆಂಪು, ತಟಸ್ಥರಿಗೆ ಹಸಿರು, ಗೊತ್ತಿಲ್ಲದವರಿಗೆ ಹಳದಿ ಬಣ್ಣ. ಉತ್ತರ ಬರದ ಚುಕ್ಕಿ ಹಳದಿ. ಅದನ್ನ ಕೆಂಪು ಮಾಡೋಕೆ ಬೇರೆ ಸಾಕ್ಷಿ ಬೇಕು.

ಹಾಗಾದ್ರೆ ಹಳದಿ ಚುಕ್ಕಿಗೆ ಹೊಡೀಬಹುದಾ? ಇದಕ್ಕೂ ಸೇನೆಗಳಲ್ಲಿ ಪದಗಳಿವೆ, ಅಮೆರಿಕ ಮತ್ತು ನೇಟೋ ಸೇನೆಗಳು ಬಳಸೋವು ಮೂರು. ವೆಪನ್ಸ್ ಹೋಲ್ಡ್: ಆತ್ಮರಕ್ಷಣೆಗೆ ಅಥವಾ ಮೇಲಿಂದ ಆದೇಶ ಬಂದ್ರೆ ಮಾತ್ರ ಹೊಡಿ. ವೆಪನ್ಸ್ ಟೈಟ್: ಶತ್ರು ಅಂತ ಖಚಿತ ಆದವನಿಗೆ ಮಾತ್ರ ಹೊಡಿ. ವೆಪನ್ಸ್ ಫ್ರೀ: ನಮ್ಮವನು ಅಂತ ಖಚಿತ ಆಗದ ಯಾರಿಗೂ ಹೊಡೀಬಹುದು. ಟೈಟ್‌ಗೂ ಫ್ರೀಗೂ ಇರೋ ವ್ಯತ್ಯಾಸ ಗಮನಿಸಿ. ಒಂದರಲ್ಲಿ ಹಳದಿ ಚುಕ್ಕಿ ಬದುಕುತ್ತೆ, ಇನ್ನೊಂದರಲ್ಲಿ ಸಾಯಬಹುದು. ಒಂದೇ ಒಂದು ಪದ ಬದಲಾದ್ರೆ ಸಾಕು.

ಇದು ಪುಸ್ತಕದ ಮಾತಲ್ಲ. ನಾಲ್ಕು ಘಟನೆ ಹೇಳ್ತೀನಿ.

ಮೊದಲನೇದು, 1988ರ ಜುಲೈ 3. ಪರ್ಷಿಯನ್ ಕೊಲ್ಲಿ. ಅಮೆರಿಕದ ಯುದ್ಧನೌಕೆ ವಿನ್ಸೆನ್ಸ್. ಅದರಲ್ಲಿ ಆಗಿನ ಕಾಲಕ್ಕೆ ಅತ್ಯಾಧುನಿಕ ಅನ್ನಿಸ್ಕೊಂಡಿದ್ದ ಏಜಿಸ್ ವ್ಯವಸ್ಥೆ ಇತ್ತು. ಅಂದಹಾಗೆ ಏಜಿಸ್ ಅನ್ನೋದು ಅಕ್ಷರಗಳನ್ನ ಜೋಡಿಸಿದ ಹೆಸರಲ್ಲ, ಗ್ರೀಕ್ ಪುರಾಣದಲ್ಲಿ ಜ್ಯೂಸ್ ದೇವತೆಯ ರಕ್ಷಾಕವಚದ ಹೆಸರು. ಇರಾನಿನ ಬಂದರ್ ಅಬ್ಬಾಸ್‌ನಿಂದ ದುಬೈಗೆ ಒಂದು ಪ್ರಯಾಣಿಕ ವಿಮಾನ ಹೊರಡ್ತು, ಇರಾನ್ ಏರ್ 655. ಅದು ನಾಗರಿಕ ವಿಮಾನದ ಕೋಡನ್ನೇ ಕಳಿಸ್ತಾ ಇತ್ತು. ಆದ್ರೆ ಆ ನಿಲ್ದಾಣದಲ್ಲಿ ಸೇನಾ ವಿಮಾನಗಳೂ ಇದ್ವು. ನೌಕೆಯವರಿಗೆ ಸಿಕ್ಕ ಒಂದು ಸೇನಾ ಸಂಕೇತವನ್ನ ಅವರು ಈ ವಿಮಾನದ್ದು ಅಂತ ತಿಳ್ಕೊಂಡ್ರು. ಎಫ್-14 ಯುದ್ಧವಿಮಾನ ನಮ್ಮ ಕಡೆಗೆ ಇಳೀತಾ ಬರ್ತಿದೆ ಅಂದ್ಕೊಂಡ್ರು. ಏಜಿಸ್‌ನ ದಾಖಲೆಯಲ್ಲಿ ವಿಮಾನ ಮೇಲೇರ್ತಾ ಇತ್ತು ಅಂತಲೇ ಇದೆ. ಯಂತ್ರ ಸರಿಯಾಗೇ ಹೇಳ್ತಿತ್ತು, ಗಾಬರಿಯಲ್ಲಿ ಮನುಷ್ಯರು ತಪ್ಪಾಗಿ ಓದಿದ್ರು. ಕ್ಷಿಪಣಿ ಹಾರಿಸಿದ್ರು. 290 ಜನ ಸತ್ತರು. ಅವರಲ್ಲಿ 66 ಮಕ್ಕಳು, 10 ಮಂದಿ ಭಾರತೀಯರು.

ಎರಡನೇದು, 2003ರ ಮಾರ್ಚ್. ಇರಾಕ್ ಯುದ್ಧ ಶುರುವಾಗಿ ಕೆಲವೇ ದಿನ. ಬ್ರಿಟನ್ನಿನ ಟೊರ್ನಾಡೊ ಯುದ್ಧವಿಮಾನ ಕೆಲಸ ಮುಗಿಸಿ ಕುವೈತ್‌ನ ತನ್ನ ನೆಲೆಗೆ ವಾಪಸ್ ಬರ್ತಾ ಇತ್ತು. ಕೆಳಗೆ ಮಿತ್ರರಾಷ್ಟ್ರ ಅಮೆರಿಕದ ಪೇಟ್ರಿಯಟ್ ಕ್ಷಿಪಣಿ ಪಡೆ. ವಿಮಾನದ ಐಎಫ್‌ಎಫ್ ಕೆಟ್ಟಿತ್ತು, ಉತ್ತರ ಬರಲಿಲ್ಲ. ಅದರ ಮೇಲೆ ಪೇಟ್ರಿಯಟ್‌ನ ಕಂಪ್ಯೂಟರ್ ಈ ಚುಕ್ಕಿಗೆ ಇನ್ನೊಂದು ಮೂರಕ್ಷರ ಅಂಟಿಸ್ತು: ಎಆರ್‌ಎಂ, ಆಂಟಿ ರೇಡಿಯೇಶನ್ ಮಿಸೈಲ್. ಅಂದ್ರೆ ರಾಡಾರ್‌ನ ಅಲೆಗಳನ್ನೇ ಹಿಡ್ಕೊಂಡು ಬಂದು ರಾಡಾರ್‌ಗೇ ಹೊಡೆಯೋ ಕ್ಷಿಪಣಿ. ಅಲ್ಲಿದ್ದ ಸೈನಿಕರಿಗೆ ಇದು ತಮ್ಮ ತಲೆ ಮೇಲೇ ಬರ್ತಿದೆ ಅನ್ನಿಸ್ತು. ಯೋಚನೆ ಮಾಡೋಕೆ ಇದ್ದದ್ದು ಸುಮಾರು ಒಂದು ನಿಮಿಷ. ಆತ್ಮರಕ್ಷಣೆ ಅಂತ ಹಾರಿಸಿದ್ರು. ವಿಮಾನದಲ್ಲಿದ್ದ ಇಬ್ಬರೂ ಸತ್ತರು. ಈ ಸಲ ತಪ್ಪಾಗಿ ಹೇಳಿದ್ದು ಯಂತ್ರ, ನಂಬಿದ್ದು ಮನುಷ್ಯರು.

ಮೂರನೇದು ನಮ್ಮದೇ. 2019ರ ಫೆಬ್ರವರಿ 27. ಬಾಲಾಕೋಟ್ ದಾಳಿಯ ಮಾರನೇ ದಿನ. ಬೆಳಗ್ಗೆ ಪಾಕಿಸ್ತಾನದ ವಿಮಾನಗಳು ಜಮ್ಮು-ಕಾಶ್ಮೀರದ ಕಡೆ ಬಂದಿದ್ವು, ಎಲ್ಲರ ನರ ಬಿಗಿದಿತ್ತು. ಅದೇ ಹೊತ್ತಲ್ಲಿ ಶ್ರೀನಗರದಿಂದ ಹೊರಟಿದ್ದ ವಾಯುಪಡೆಯ ಎಂಐ-17 ಹೆಲಿಕಾಪ್ಟರ್ ಬಡ್ಗಾಮ್‌ನಲ್ಲಿ ಬಿತ್ತು. ಅದರೊಳಗಿದ್ದ 6 ಮಂದಿ ವಾಯುಪಡೆ ಸಿಬ್ಬಂದಿ, ನೆಲದಲ್ಲಿದ್ದ ಒಬ್ಬ ನಾಗರಿಕ, ಒಟ್ಟು 7 ಜನ ತೀರಿಕೊಂಡ್ರು. ಮೊದಲ ಸುದ್ದಿಗಳಲ್ಲಿ ಇದು ಅಪಘಾತ ಅಂತಲೇ ಬಂತು. ಆ ದಿನ ನಮಗೆಲ್ಲ ಅಭಿನಂದನ್ ಸುದ್ದಿ ಮಾತ್ರ ನೆನಪಿದೆ, ಇದು ಪಕ್ಕಕ್ಕೆ ಸರೀತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಆಗಿನ ವಾಯುಪಡೆ ಮುಖ್ಯಸ್ಥ ಆರ್.ಕೆ.ಎಸ್. ಭದೌರಿಯಾ ಅವರು ಬಹಿರಂಗವಾಗಿ ಒಪ್ಪಿಕೊಂಡ್ರು: ಹೆಲಿಕಾಪ್ಟರ್‌ಗೆ ತಗುಲಿದ್ದು ನಮ್ಮದೇ ಕ್ಷಿಪಣಿ, ಅದು ನಮ್ಮ ದೊಡ್ಡ ತಪ್ಪು ಅಂತ. ಹೆಲಿಕಾಪ್ಟರ್‌ನ ಐಎಫ್‌ಎಫ್ ಆಫ್ ಆಗಿತ್ತು, ನೆಲದವರಿಗೂ ಮೇಲಿನವರಿಗೂ ಸಂಪರ್ಕ ಸರಿಯಿರಲಿಲ್ಲ ಅನ್ನೋದು ತನಿಖೆ ಬಗ್ಗೆ ಬಂದ ವರದಿಗಳಲ್ಲಿತ್ತು.

ಯಾರದು ಅಂತ ಕೇಳಿದ್ರು. ಉತ್ತರ ಬರಲಿಲ್ಲ. ಬಾಗಿಲ ಹೊರಗಿದ್ದವರು ಮನೆಯವರೇ.

ನಾಲ್ಕನೇದು, 2020ರ ಜನವರಿ 8, ಟೆಹ್ರಾನ್. ಇರಾನ್ ಅದೇ ರಾತ್ರಿ ಇರಾಕ್‌ನಲ್ಲಿದ್ದ ಅಮೆರಿಕದ ನೆಲೆಗಳ ಮೇಲೆ ಕ್ಷಿಪಣಿ ಹಾರಿಸಿತ್ತು, ಪ್ರತಿದಾಳಿ ಬರುತ್ತೆ ಅಂತ ಕಾಯ್ತಾ ಇತ್ತು. ಆದ್ರೂ ನಾಗರಿಕ ವಿಮಾನಗಳಿಗೆ ಆಕಾಶ ತೆರೆದೇ ಇತ್ತು. ಬೆಳಗ್ಗೆ ಉಕ್ರೇನ್‌ನ ಪ್ರಯಾಣಿಕ ವಿಮಾನ ಪಿಎಸ್752 ಹೊರಟು ಕೆಲವೇ ನಿಮಿಷಕ್ಕೆ ಇರಾನಿನದೇ ಎರಡು ಕ್ಷಿಪಣಿ ಅದಕ್ಕೆ ಬಡಿದವು. 176 ಜನ ಸತ್ತರು. ಆ ವಿಮಾನದ ಟ್ರಾನ್ಸ್‌ಪಾಂಡರ್ ಕೆಲಸ ಮಾಡ್ತಾನೇ ಇತ್ತು. ಕ್ಷಿಪಣಿ ವಾಹನವನ್ನ ಜಾಗ ಬದಲಾಯಿಸಿದ ಮೇಲೆ ಅದರ ದಿಕ್ಕನ್ನ ಸರಿಹೊಂದಿಸಿರಲಿಲ್ಲ, ಹಾಗಾಗಿ ವಿಮಾನ ಬೇರೆ ಕಡೆಯಿಂದ ಬರೋ ಹಾಗೆ ಕಾಣಿಸ್ತು, ಕಮಾಂಡ್ ಕೇಂದ್ರದ ಸಂಪರ್ಕ ಸಿಗದೇ ಆಪರೇಟರ್ ಅನುಮತಿ ಇಲ್ಲದೇ ಹಾರಿಸಿದ ಅಂತ ಇರಾನಿನ ತನಿಖಾ ವರದಿ ಹೇಳ್ತು. ಮೊದಲು ಮೂರು ದಿನ ಇರಾನ್ ಇದನ್ನ ಒಪ್ಪಿಕೊಂಡೇ ಇರಲಿಲ್ಲ.

ನಾಲ್ಕೂ ಕಥೆ ಒಟ್ಟಿಗೆ ಇಟ್ಟು ನೋಡಿ. ಕ್ಷಿಪಣಿ ಎಲ್ಲೂ ಗುರಿ ತಪ್ಪಲಿಲ್ಲ. ತಪ್ಪಿದ್ದು ಹೆಸರು. ಚುಕ್ಕಿಗೆ ಕೊಟ್ಟ ಹೆಸರು.

ಇದನ್ನ ತಡೆಯೋಕೆ ಏನಿದೆ? ಇಲ್ಲಿ ಇನ್ನೆರಡು ಪದ ಬರುತ್ತೆ. ಒಂದು ಐಎಸಿಸಿಎಸ್, ಇಂಟಿಗ್ರೇಟೆಡ್ ಏರ್ ಕಮಾಂಡ್ ಅಂಡ್ ಕಂಟ್ರೋಲ್ ಸಿಸ್ಟಮ್. ಬೇರೆ ಬೇರೆ ರಾಡಾರ್‌ಗಳು ನೋಡಿದ್ದನ್ನೆಲ್ಲ, ನಾಗರಿಕ ರಾಡಾರ್‌ಗಳದ್ದೂ ಸೇರಿಸಿ, ಒಂದೇ ಚಿತ್ರವಾಗಿ ತೋರಿಸೋ ಜಾಲ. ಇದನ್ನ ಮಾಡಿದ್ದು ಬೆಂಗಳೂರಲ್ಲಿ ಮುಖ್ಯ ಕಚೇರಿ ಇರೋ ಬಿಇಎಲ್. ಆಕಾಶ್ ಕ್ಷಿಪಣಿಗೆ ಕಣ್ಣಾಗಿರೋ ರಾಜೇಂದ್ರ ರಾಡಾರ್ ರೂಪಿಸಿದ್ದೂ ಬೆಂಗಳೂರಿನ ಡಿಆರ್‌ಡಿಒ ಪ್ರಯೋಗಾಲಯ ಎಲ್‌ಆರ್‌ಡಿಇ. ಸುದ್ದಿಯಲ್ಲಿ ಐಎಸಿಸಿಎಸ್ ಅಂದಾಗ ‘ಎಷ್ಟು ಹೊಡೆದುರುಳಿಸ್ತು’ ಅನ್ನೋ ಲೆಕ್ಕ ಮಾತ್ರ ಬರುತ್ತೆ. ಯಾವುದಕ್ಕೆ ಹೊಡೀಬಾರದು ಅಂತ ತಿಳಿಸೋದೂ ಅದರ ಅಷ್ಟೇ ದೊಡ್ಡ ಕೆಲಸ. ಒಂದು ಕಡೆಯವನಿಗೆ ಹಳದಿಯಾಗಿ ಕಂಡ ಚುಕ್ಕಿ ಇನ್ನೊಬ್ಬನಿಗೆ ಗೊತ್ತಿರಬಹುದು. ‘ಅದು ಈಗಷ್ಟೇ ನಮ್ಮಲ್ಲಿಂದ ಹೊರಟಿದ್ದು’ ಅನ್ನೋ ಒಂದು ಮಾತು ಸರಿಯಾದ ಜಾಗಕ್ಕೆ ಸರಿಯಾದ ಸೆಕೆಂಡಿಗೆ ತಲುಪಬೇಕು.

ಇನ್ನೊಂದು ನೋಟಾಮ್, ನೋಟಿಸ್ ಟು ಏರ್‌ಮೆನ್. ‘ಈ ಹೊತ್ತಿಂದ ಈ ಹೊತ್ತಿನವರೆಗೆ ಈ ಆಕಾಶಕ್ಕೆ ಬರಬೇಡಿ’ ಅನ್ನೋಂಥ ಸೂಚನೆಗಳು ಇದರಲ್ಲೇ ಬರೋದು. 2025ರ ಮೇನಲ್ಲಿ ಉತ್ತರ ಮತ್ತು ಪಶ್ಚಿಮ ಭಾರತದ 32 ವಿಮಾನ ನಿಲ್ದಾಣಗಳಲ್ಲಿ ನಾಗರಿಕ ವಿಮಾನ ಸಂಚಾರ ನಿಲ್ಲಿಸಿದ್ರು. ಟಿಕೆಟ್ ಕ್ಯಾನ್ಸಲ್ ಆಯ್ತು, ಜನ ಬೈಕೊಂಡ್ರು. ಆದ್ರೆ ಟೆಹ್ರಾನ್ ನೆನಪಿಟ್ಕೊಂಡು ನೋಡಿ. ಆಕಾಶ ಖಾಲಿ ಇದ್ದಷ್ಟೂ ತಪ್ಪಾಗಿ ಸಾಯೋರು ಕಡಿಮೆ.

ಮುಂದೆ ಇದು ಇನ್ನೂ ಕಷ್ಟ ಆಗುತ್ತೆ. ಚಿಕ್ಕ ಡ್ರೋನ್‌ಗಳು ಸಾಮಾನ್ಯವಾಗಿ ಐಎಫ್‌ಎಫ್ ಇಟ್ಕೊಂಡು ಹಾರಲ್ಲ. ಅಂದ್ರೆ ಪರದೆ ತುಂಬಾ ಹಳದಿ ಚುಕ್ಕಿ.

ಕೊನೆಗೆ ನಮ್ಮ ನಿಮ್ಮ ಕೆಲಸ. ಮುಂದಿನ ಸಲ ವಾಟ್ಸ್ಆ್ಯಪ್‌ನಲ್ಲಿ ರಾತ್ರಿ ಆಕಾಶದ ವಿಡಿಯೋ ಬಂದು, ಕೆಳಗೆ ‘ಶತ್ರು ವಿಮಾನ ಉಡೀಸ್’ ಅಂತ ಬರೆದಿದ್ರೆ, ಒಂದು ಪ್ರಶ್ನೆ ಕೇಳ್ಕೊಳ್ಳಿ. ಶತ್ರು ಅಂತ ಗುರುತಿಸಿದ್ದು ಯಾರು, ಹೇಗೆ? ಕೋಟಿಗಟ್ಟಲೆ ಬೆಲೆಯ ಯಂತ್ರ, ವರ್ಷಗಟ್ಟಲೆ ತರಬೇತಿ ಪಡೆದ ಸೈನಿಕರು ಇದ್ದಲ್ಲೇ ಆ ಪದ ತಪ್ಪಾಗಿದೆ. ಫಾರ್ವರ್ಡ್ ಮಾಡೋಕೆ ನಮಗೆ ಬೇಕಾಗಿರೋದು ಒಂದು ಬೆರಳು. ಬಡ್ಗಾಮ್‌ನ ಆ 7 ಮನೆಗಳಿಗೆ ನಿಜ ಏನು ಅಂತ ಅಧಿಕೃತವಾಗಿ ಕೇಳೋಕೆ 7 ತಿಂಗಳು ಬೇಕಾಯ್ತು. ನಾವು ಒಂದು ದಿನ ಕಾಯಬಹುದು.

ಅಲ್ಲಿವರೆಗೆ ಅದನ್ನ ಹಳದಿ ಚುಕ್ಕಿ ಅಂತಲೇ ಇಟ್ಕೊಳ್ಳಿ.

ಇವತ್ತಿಗೆ ಇಷ್ಟು. ಸುದ್ದಿಯಲ್ಲಿ ಕೇಳಿ ಅರ್ಥ ಆಗದ ಇಂಥ ಪದ ನಿಮ್ಮ ಹತ್ರ ಇದ್ರೆ ನಮಗೆ ಬರೆದು ಕಳಿಸಿ.