ಬಜಪೆಯ ವಿಮಾನ ನಿಲ್ದಾಣ: ಐವತ್ತು ವರ್ಷದ ಗೇಣಿ

ಕನ್ಯಾನ ಬಂಟ್ವಾಳ ತಾಲ್ಲೂಕಿನ ಅಂಚಿನ ಊರು. ಗುಡ್ಡ ಇಳಿದರೆ ಅಡಿಕೆ ತೋಟ, ಗಡಿ ದಾಟಿದರೆ ಕಾಸರಗೋಡು. ಇಂಥ ಊರಿನವರಿಗೆ ವಿಮಾನ ನಿಲ್ದಾಣದ ಚಿಂತೆ ಏಕೆ ಎಂದು ತಾವು ಕೇಳಬಹುದು. ಆದರೆ ನಮ್ಮ ಜಿಲ್ಲೆಯ ಈ ಬಗೆಯ ಊರುಗಳಲ್ಲಿ ಎಷ್ಟೋ ಮನೆಗಳ ಮಕ್ಕಳು ದುಬೈಯಲ್ಲೋ ದೋಹಾದಲ್ಲೋ ದುಡಿಯುತ್ತಿದ್ದಾರೆ. ರಜೆ ಮುಗಿಸಿ ಹೊರಟವನನ್ನು ಕಳುಹಿಸಿಕೊಡಲು ಮನೆಮಂದಿಯೆಲ್ಲ ವಿಟ್ಲ, ಕಲ್ಲಡ್ಕ, ಬಿ.ಸಿ. ರೋಡು ಹಾದು ಬಜಪೆಗೆ ಹೋಗುತ್ತಾರೆ. ಅವನು ಕೊಂಡ ಟಿಕೇಟಿನಲ್ಲಿ ನಿಲ್ದಾಣದ ಪಾಲೂ ಸೇರಿರುತ್ತದೆ. ಆ ಪಾಲು ಯಾರಿಗೆ, ಏತಕ್ಕೆ ಸಲ್ಲುತ್ತದೆಂಬುದನ್ನು ತಿಳಿದಿರುವುದು ಒಳ್ಳೆಯದು.

ಬಜಪೆಯ ನಿಲ್ದಾಣವನ್ನು 1951ರ ಡಿಸೆಂಬರ್ 25ರಂದು ಪ್ರಧಾನಿ ಜವಾಹರಲಾಲ್ ನೆಹರೂ ಉದ್ಘಾಟಿಸಿದರು. ಡಕೋಟಾ ವಿಮಾನದಲ್ಲಿ ಬಂದು ಅಲ್ಲಿಯೇ ಇಳಿದರು. ಮುಂದೆ 2006ರಲ್ಲಿ 2,450 ಮೀಟರಿನ ಹೊಸ ಓಡುದಾರಿ ಸಿದ್ಧವಾಯಿತು. 2010ರಲ್ಲಿ ಕೆಂಜಾರಿನ ಕಡೆಯಲ್ಲಿ ಹೊಸ ಕಟ್ಟಡ ಎದ್ದಿತು. ಇಷ್ಟೂ ಸರ್ಕಾರದ ಹಣ. ಆದರೆ ದೇಶದ ಆರ್ಥಿಕ ಬೆಳವಣಿಗೆಯೊಡನೆ ವಿಮಾನವೇರುವವರ ಸಂಖ್ಯೆ ಭರದಿಂದ ಹೆಚ್ಚಿತು. ಬೊಕ್ಕಸವೊಂದರಿಂದಲೇ ಎಲ್ಲ ನಿಲ್ದಾಣಗಳನ್ನೂ ಬೆಳೆಸಲಾಗದೆಂದು ಖಾಸಗಿ ಬಂಡವಾಳವನ್ನು ಕರೆಯಲಾಯಿತು. 2006ರಲ್ಲಿ ದೆಹಲಿ, ಮುಂಬಯಿಗಳು ಆ ಹಾದಿ ಹಿಡಿದವು. ದೇವನಹಳ್ಳಿಯಲ್ಲಿ ಖಾಸಗಿಯವರೂ ಸರ್ಕಾರವೂ ಕೂಡಿ ಕಟ್ಟಿದ ಬೆಂಗಳೂರಿನ ನಿಲ್ದಾಣ 2008ರ ಮೇ ತಿಂಗಳಲ್ಲಿ ತೆರೆಯಿತು. 2019ರಲ್ಲಿ ಮಂಗಳೂರೂ ಸೇರಿ ಆರು ನಿಲ್ದಾಣಗಳಿಗೆ ಹರಾಜು ನಡೆಯಿತು. ಆರಕ್ಕೂ ಹೆಚ್ಚು ಮೊತ್ತ ಕೂಗಿದವರು ಅದಾನಿ ಸಂಸ್ಥೆಯವರು. 2020ರ ಅಕ್ಟೋಬರ್ 31ರಂದು ಬಜಪೆಯ ನಿಲ್ದಾಣ ಐವತ್ತು ವರ್ಷಗಳ ಅವಧಿಗೆ ಅವರ ಕೈಗೆ ಬಂತು.

"ನಿಲ್ದಾಣವನ್ನು ಮಾರಿಬಿಟ್ಟರು" ಎಂದು ಕೆಲವರು ಹೇಳುವುದುಂಟು. ಅದು ಸರಿಯಲ್ಲ. ಗೇಣಿಯ ವಿಚಾರ ನಮ್ಮ ಜಿಲ್ಲೆಯ ಹಿರಿಯರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಧಣಿಯ ಗದ್ದೆ ಧಣಿಯದೇ. ಒಕ್ಕಲು ಬೇಸಾಯ ಮಾಡಿ ಇಂತಿಷ್ಟು ಮುಡಿ ಅಕ್ಕಿ ಅಳೆಯಬೇಕು. ಇಲ್ಲಿಯೂ ಧಣಿ ಸರ್ಕಾರದ ವಿಮಾನ ನಿಲ್ದಾಣ ಪ್ರಾಧಿಕಾರ, ಒಕ್ಕಲು ಕಂಪೆನಿ. ಗೇಣಿ ಮಾತ್ರ ತಲೆಯೆಣಿಕೆಯ ಮೇಲೆ. ದೇಶದೊಳಗೆ ಸಂಚರಿಸುವ ಪ್ರಯಾಣಿಕನೊಬ್ಬನಿಗೆ 115 ರೂಪಾಯಿ ಎಂದು ಮಂಗಳೂರಿಗೆ ಕೂಗು ನಿಂತಿತು. ಬೆಲೆಯೇರಿಕೆಗೆ ತಕ್ಕಂತೆ ಅದೂ ಏರತಕ್ಕದ್ದು. ಈ ಗೇಣಿಯನ್ನು ನಿಲ್ದಾಣದ ಖರ್ಚೆಂದು ತೋರಿಸಿ ಪ್ರಯಾಣಿಕನಿಂದ ವಸೂಲು ಮಾಡುವಂತಿಲ್ಲ ಎಂಬ ಷರತ್ತೂ ಒಪ್ಪಂದದಲ್ಲಿದೆ. ವಿಮಾನಗಳಿಗೆ ದಾರಿ ತೋರುವ ಕೆಲಸ, ವಲಸೆ ತಪಾಸಣೆ, ಸುಂಕ ಇವು ಸರ್ಕಾರದ ಕೈಯಲ್ಲಿಯೇ ಉಳಿದಿವೆ.

ಹಾಗಾದರೆ ಕಂಪೆನಿ ಹಾಕಿದ ಬಂಡವಾಳ ಮರಳುವುದು ಹೇಗೆ? ಹೊಸ ಕಟ್ಟಡ, ಓಡುದಾರಿಯ ಡಾಂಬರು, ಯಂತ್ರಗಳು ಇವುಗಳ ವೆಚ್ಚವೂ ಅದರ ಮೇಲಿನ ನ್ಯಾಯವಾದ ಲಾಭವೂ ವಿಮಾನ ಕಂಪೆನಿಗಳು ತೆರುವ ಶುಲ್ಕದಿಂದ ಮತ್ತು ಟಿಕೇಟಿನೊಳಗಿನ ಬಳಕೆದಾರರ ಶುಲ್ಕದಿಂದ ಬರಬೇಕು. ಅಂಗಡಿ, ಕಾಫಿ ಹೋಟೆಲು, ಜಾಹೀರಾತುಗಳ ಆದಾಯದಲ್ಲಿ ನೂರಕ್ಕೆ 30ರಷ್ಟನ್ನು ಈ ಹೊರೆ ಇಳಿಸಲು ಲೆಕ್ಕಕ್ಕೆ ಹಿಡಿಯುತ್ತಾರೆ. ದರ ಗೊತ್ತುಮಾಡುವುದು ಕಂಪೆನಿಯಲ್ಲ, 2008ರ ಕಾಯಿದೆಯಂತೆ ರಚಿತವಾದ ಆರ್ಥಿಕ ನಿಯಂತ್ರಣ ಪ್ರಾಧಿಕಾರ. ಐದು ವರ್ಷಕ್ಕೊಮ್ಮೆ ಅದು ಲೆಕ್ಕ ಪರಿಶೀಲಿಸಿ, ಕರಡನ್ನು ಪ್ರಕಟಿಸಿ, ಅಭಿಪ್ರಾಯ ಕೇಳುತ್ತದೆ. ವಿಮಾನ ಕಂಪೆನಿಗಳು ತಪ್ಪದೆ ಉತ್ತರ ಬರೆಯುತ್ತವೆ. ಕಲ್ಲಡ್ಕದ ದಾರಿಯಲ್ಲಿ ಬಂದ ಪ್ರಯಾಣಿಕನ ಪರವಾಗಿ ಬರೆಯುವವರು ಯಾರು?

ಖಾಸಗಿ ಬಂಡವಾಳವೆಂದರೆ ಒಂದೇ ದೊಡ್ಡ ಕಂಪೆನಿಯ ಹಣವೆಂದೂ ಅಲ್ಲ. ನೆರೆಯ ಕೇರಳವನ್ನು ನೋಡಿ. 1999ರಲ್ಲಿ ತೆರೆದ ಕೊಚ್ಚಿಯ ನಿಲ್ದಾಣಕ್ಕೆ ರಾಜ್ಯ ಸರ್ಕಾರದ ಜೊತೆಗೆ ಹಣ ಹಾಕಿದವರಲ್ಲಿ ಸುಮಾರು 30 ದೇಶಗಳಲ್ಲಿ ಹಂಚಿಹೋಗಿದ್ದ ಸಾವಿರಾರು ಜನರಿದ್ದರು. ಗಲ್ಫಿನಲ್ಲಿ ಬೆವರು ಸುರಿಸಿದವನು ಅಲ್ಲಿ ಪ್ರಯಾಣಿಕನೂ ಹೌದು, ಪಾಲುದಾರನೂ ಹೌದು. ನಮ್ಮವನು ಬರಿಯ ಪ್ರಯಾಣಿಕ. ಆದ್ದರಿಂದಲೇ ನಾವು ಹೆಚ್ಚು ಎಚ್ಚರದಿಂದಿರಬೇಕು.

ಖಾಸಗಿ ಹಣ ಒಬ್ಬಂಟಿಯಾಗಿ ಮಾಡಲಾಗದ ಕೆಲಸವೂ ಒಂದುಂಟು. ಬಜಪೆಯ ಓಡುದಾರಿ ಗುಡ್ಡದ ನೆತ್ತಿಯ ಮೇಲಿದೆ. ಕೊನೆ ಮುಟ್ಟಿದರೆ ಕಣಿವೆ. 2010ರ ಮೇ 22ರ ಬೆಳಗ್ಗೆ ದುಬೈಯಿಂದ ಬಂದ ವಿಮಾನ ಆ ಅಂಚನ್ನು ದಾಟಿ ಉರುಳಿತು. 158 ಜನ ತೀರಿಕೊಂಡರು. ಉಳಿದವರು ಎಂಟು ಜನ. ಇಳಿಯುವ ಕ್ರಮ ಸರಿಯಿಲ್ಲವೆಂದು ಕಂಡಮೇಲೂ ಮತ್ತೆ ಮೇಲಕ್ಕೇರದೆ ಹೋದದ್ದೇ ಕಾರಣವೆಂದು ವಿಚಾರಣೆ ತಿಳಿಸಿತು. ಆದರೂ ಓಡುದಾರಿಯ ತುದಿಯಲ್ಲಿ ಹೆಚ್ಚು ಸಮತಟ್ಟು ನೆಲವಿದ್ದಷ್ಟೂ ತಪ್ಪಿಗೆ ಕ್ಷಮೆ ದೊರೆಯುವ ಅವಕಾಶ ಹೆಚ್ಚು. ಅಂತರರಾಷ್ಟ್ರೀಯ ನಿಯಮದಲ್ಲಿ ಇಂಥ ಸುರಕ್ಷಾ ಪ್ರದೇಶ ಕನಿಷ್ಠ 90 ಮೀಟರು ಇರಬೇಕು. 240 ಮೀಟರಿದ್ದರೆ ಉತ್ತಮ. ಅಷ್ಟು ನೆಲ ಬೇಕಾದರೆ ಯಾರದೋ ಮನೆ, ಯಾರದೋ ತೋಟ ಹೋಗಬೇಕು. ಕಾಯಿದೆಯ ಮೂಲಕ ಅದನ್ನು ಪಡೆದು, ಬಿಟ್ಟುಕೊಟ್ಟವನಿಗೆ ನ್ಯಾಯವಾದ ಪರಿಹಾರ ಕೊಡಬೇಕಾದುದು ಸರ್ಕಾರ. ಹೊಳೆಯುವ ಗಾಜಿನ ಕಟ್ಟಡ ಬೇಗ ಏಳುತ್ತದೆ. ಕಣಿವೆಯಂಚಿನ ಮಣ್ಣು ತುಂಬಲು ಹೆಚ್ಚು ಕಾಲ ಬೇಕು. ಪ್ರಾಣ ಉಳಿಸುವುದು ಎರಡನೆಯದು.

ಆದಕಾರಣ ನನ್ನ ಅರಿಕೆ ಇಷ್ಟೇ. ಖಾಸಗಿ ಬಂಡವಾಳವನ್ನು ಶನಿಯೆಂದು ಬೈಯುವುದೂ ಬೇಡ, ದಾನವೆಂದು ಕೈಮುಗಿಯುವುದೂ ಬೇಡ. ಅದು ನಮ್ಮ ಟಿಕೇಟಿನ ಆಧಾರದ ಮೇಲೆ ತಂದ ಹಣ. ಗದ್ದೆಗೆ ಗೊಬ್ಬರ ಬಿತ್ತೇ, ಕಟ್ಟ ಗಟ್ಟಿಯಾಯಿತೇ ಎಂದು ಧಣಿಯಾದವನು ನೋಡಿಕೊಳ್ಳಬೇಕು. ಬಜಪೆಯ ಧಣಿಗಳು ಕೊನೆಗೆ ನಾವೇ. ಮುಂದಿನ ಸಲ ದರದ ಕರಡು ಹೊರಬಿದ್ದಾಗ ನಮ್ಮ ಪಂಚಾಯತಿಗಳೂ ಪ್ರಯಾಣಿಕರೂ ಒಂದು ಕಾಗದವನ್ನಾದರೂ ಬರೆಯಲಿ. ಕಟ್ಟಡಕ್ಕೆಷ್ಟು, ಓಡುದಾರಿಯ ಸುರಕ್ಷತೆಗೆಷ್ಟು ಎಂಬ ಒಂದು ಪ್ರಶ್ನೆಯನ್ನಾದರೂ ಕೇಳಲಿ.