ಅಮೆರಿಕದ ಉಪ್ಪಿಟ್ಟು, ರಷ್ಯಾದ ಬೈಂಡು

(ಗ್ರಂಥಾಲಯ ಸಪ್ತಾಹದ ಸಂದರ್ಭದಲ್ಲಿ ಮಾಡಿದ ಭಾಷಣದ ಬರಹರೂಪ)



ನನ್ನ ವಯಸ್ಸಿನವರಿಗೆ ಶಾಲೆಯ ಎರಡು ವಾಸನೆಗಳು ನೆನಪಿರಬೇಕು. ಒಂದು, ಮಧ್ಯಾಹ್ನ ಕೊಡುತ್ತಿದ್ದ ಹಳದಿ ಉಪ್ಪಿಟ್ಟಿನದು. ‘ಕೇರ್’ ಸಂಸ್ಥೆಯ ಮೂಲಕ ಬರುತ್ತಿದ್ದ ಅಮೆರಿಕದ ರವೆ ಅದು. ಇನ್ನೊಂದು, ‘ಸೋವಿಯತ್ ಲ್ಯಾಂಡ್’ ಪತ್ರಿಕೆಯ ನುಣುಪು ಕಾಗದದ್ದು. ಅದನ್ನು ಓದುತ್ತಿದ್ದವರು ಎಷ್ಟು ಮಂದಿಯೋ ಹೇಳಲಾರೆ. ಜೂನ್ ತಿಂಗಳು ಬಂತೆಂದರೆ ಅದರ ಹಾಳೆ ಬಿಡಿಸಿ ನೋಟ್ ಪುಸ್ತಕಕ್ಕೆ ಬೈಂಡು ಹಾಕದ ಮನೆ ನಮ್ಮ ಬೀದಿಯಲ್ಲಿರಲಿಲ್ಲ. ನನ್ನ ಲೆಕ್ಕದ ಪುಸ್ತಕದ ಮೇಲೆ ಟ್ರ್ಯಾಕ್ಟರ್ ಏರಿ ಕುಳಿತ ರಷ್ಯನ್ ಹೆಣ್ಣುಮಗಳೊಬ್ಬಳು ವರ್ಷವಿಡೀ ನಗುತ್ತಿದ್ದಳು.

ಹಸಿದವರಿಗೆ ಅನ್ನ ಕೊಡುವ ಸದಾಶಯ, ಅಮೆರಿಕದ ರೈತರ ಹೆಚ್ಚುವರಿ ದಾಸ್ತಾನನ್ನು ಖರ್ಚು ಮಾಡುವ ಲೆಕ್ಕಾಚಾರ, ಬಡ ದೇಶಗಳು ರಷ್ಯಾದ ಕಡೆ ವಾಲಬಾರದೆಂಬ ಚಿಂತೆ, ಮೂರೂ ಆ ಬಾಣಲೆಯಲ್ಲಿ ಬೆರೆತಿದ್ದವು. ಒಬ್ಬರ ಪ್ರಭಾವ ತಡೆಯಲು ಇನ್ನೊಬ್ಬರು ಸುರಿದ ದುಡ್ಡು ಹೀಗೆ ನನ್ನ ಹೊಟ್ಟೆಗೂ ಸೇರಿತ್ತು, ಚೀಲಕ್ಕೂ ಸೇರಿತ್ತು.

ಹಳೆಯ ಈ ಕತೆ ಈಗೇಕೆ ಎಂದು ನೀವು ಕೇಳಬಹುದು. 2024ರ ಸೆಪ್ಟೆಂಬರಿನಲ್ಲಿ ಅಮೆರಿಕದ ಪ್ರತಿನಿಧಿ ಸಭೆ ಒಂದು ಮಸೂದೆಗೆ ಒಪ್ಪಿಗೆ ಕೊಟ್ಟಿತು. ಹೊರದೇಶಗಳಲ್ಲಿ ಚೀನಾದ ಪ್ರಭಾವ ಎದುರಿಸಲು 2027ರವರೆಗೆ ವರ್ಷಕ್ಕೆ 32.5 ಕೋಟಿ ಡಾಲರ್ ಮೀಸಲಿಡಬೇಕೆಂಬುದು ಅದರ ಸಾರ. ಸುದ್ದಿ ಓದಿದಾಗ ನನಗೆ ಆ ಟ್ರ್ಯಾಕ್ಟರ್ ನೆನಪಾಯಿತು. ಇಂಥ ಹಣ ಊರಿಗೆ ಬಂದಾಗ ಏನಾಗುತ್ತದೆ ಎಂಬುದಕ್ಕೆ ನಮ್ಮ ಬಳಿ ಒಂದು ಪೂರ್ತಿ ಉದಾಹರಣೆ ಇದೆ.

1950ರ ಜೂನ್‌ನಲ್ಲಿ ಪಶ್ಚಿಮ ಬರ್ಲಿನ್‌ನಲ್ಲಿ ಲೇಖಕರು, ತತ್ತ್ವಶಾಸ್ತ್ರಜ್ಞರು, ವಿಜ್ಞಾನಿಗಳು ಸೇರಿ ‘ಕಾಂಗ್ರೆಸ್ ಫಾರ್ ಕಲ್ಚರಲ್ ಫ್ರೀಡಂ’ ಎಂಬ ಸಂಘಟನೆ ಕಟ್ಟಿದರು. ಸಾಂಸ್ಕೃತಿಕ ಸ್ವಾತಂತ್ರ್ಯದ ಈ ಕಾಂಗ್ರೆಸ್ಸಿಗೂ ನಮ್ಮ ಕಾಂಗ್ರೆಸ್ಸಿಗೂ ಸಂಬಂಧವಿಲ್ಲ. ಸ್ಟಾಲಿನ್ ಕಾಲದ ಸೆರೆಮನೆಗಳ ವಿಷಯ ಹೇಳಬೇಕು, ಬರೆಯುವವನ ಸ್ವಾತಂತ್ರ್ಯ ಕಾಪಾಡಬೇಕು ಎಂಬುದು ಅವರ ಘೋಷಣೆ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಬಂದವರಲ್ಲಿ ಹಲವರು ಒಂದು ಕಾಲದಲ್ಲಿ ತಾವೇ ಕಮ್ಯುನಿಸ್ಟರಾಗಿದ್ದು ಭ್ರಮನಿರಸನ ಹೊಂದಿದವರು.

ಮುಂದಿನ ವರ್ಷ ಮುಂಬಯಿಯಲ್ಲಿ ಇದರ ಭಾರತೀಯ ಸಮ್ಮೇಳನ ನಡೆಯಿತು. ಜಯಪ್ರಕಾಶ ನಾರಾಯಣ, ಮೀನೂ ಮಸಾನಿಯವರಂಥವರು ಅದರೊಡನೆ ಗುರುತಿಸಿಕೊಂಡರು. 1950ರ ದಶಕದ ಮಧ್ಯದಲ್ಲಿ ‘ಕ್ವೆಸ್ಟ್’ ಎಂಬ ಇಂಗ್ಲಿಷ್ ಪತ್ರಿಕೆ ಹೊರಟಿತು. ಮೊದಲ ಸಂಪಾದಕ ಕವಿ ನಿಸ್ಸಿಂ ಇಜೆಕಿಯೆಲ್. ಲಂಡನ್ನಿನಲ್ಲಿ 1953ರಿಂದಲೇ ‘ಎನ್‌ಕೌಂಟರ್’ ನಡೆಯುತ್ತಿತ್ತು. ಕವಿ ಸ್ಟೀಫನ್ ಸ್ಪೆಂಡರ್ ಅದರ ಸಂಪಾದಕರಲ್ಲಿ ಒಬ್ಬರು. ಉಚ್ಛ್ರಾಯದ ದಿನಗಳಲ್ಲಿ ಈ ಕಾಂಗ್ರೆಸ್ಸಿಗೆ 35 ದೇಶಗಳಲ್ಲಿ ಕಚೇರಿಗಳಿದ್ದವು.

ಇಷ್ಟಕ್ಕೆಲ್ಲ ದುಡ್ಡು ಎಲ್ಲಿಂದ? ಕೇಳಿದವರಿಗೆ ಸಿಗುತ್ತಿದ್ದ ಉತ್ತರ, ಫಾರ್‌ಫೀಲ್ಡ್ ಫೌಂಡೇಶನ್ ಎಂದು. ಅದರ ಮುಂಚೂಣಿಯಲ್ಲಿ ಜೂಲಿಯಸ್ ಫ್ಲೈಷ್‌ಮನ್ ಎಂಬ ಸಿರಿವಂತ. ಕಲೆ, ನೃತ್ಯದ ಪೋಷಕನೆಂದು ಹೆಸರಾದವನು. ಯಾರಿಗೂ ಅನುಮಾನ ಬಾರದು. ಹಣ ನಿಜವಾಗಿ ಹೊರಡುತ್ತಿದ್ದುದು ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎಯಿಂದ. ಅಲ್ಲಿಂದ ಇಂಥ ದತ್ತಿನಿಧಿಗಳ ಕೈ ಬದಲಾಯಿಸುತ್ತ, ಬಣ್ಣ ಕಳೆದುಕೊಳ್ಳುತ್ತ ಪ್ಯಾರಿಸ್ಸಿನ ಕಚೇರಿಗೆ ಬರುತ್ತಿತ್ತು. ನಮ್ಮೂರಿನಲ್ಲಿ ಬೇನಾಮಿ ಎಂದು ಕರೆಯುವ ವ್ಯವಹಾರ ಇದೇ. ಪ್ಯಾರಿಸ್ಸಿನಲ್ಲಿ ಕುಳಿತು ಎಲ್ಲವನ್ನೂ ನಡೆಸುತ್ತಿದ್ದ ಮೈಕೇಲ್ ಜೋಸೆಲ್‌ಸನ್ ಸ್ವತಃ ಸಿಐಎಯ ಮನುಷ್ಯ. ಸಾಹಿತ್ಯ, ಸಂಗೀತಗಳ ರುಚಿಯಿದ್ದವನು, ಲೇಖಕರನ್ನು ಪ್ರೀತಿಸುತ್ತಿದ್ದವನು ಎಂದೇ ಅವನನ್ನು ಬಲ್ಲವರು ಹೇಳಿದ್ದಾರೆ. ಅದು ಸಂಗತಿಯನ್ನು ಇನ್ನಷ್ಟು ತೊಡಕು ಮಾಡುತ್ತದೆ.

1966ರಲ್ಲಿ ‘ನ್ಯೂಯಾರ್ಕ್ ಟೈಮ್ಸ್’ ಈ ಗಂಟನ್ನು ಸ್ವಲ್ಪ ಸಡಿಲಿಸಿತು. 1967ರಲ್ಲಿ ‘ರ‍್ಯಾಂಪಾರ್ಟ್ಸ್’ ಪತ್ರಿಕೆ ಅಮೆರಿಕದ ವಿದ್ಯಾರ್ಥಿ ಸಂಘಟನೆಗೆ ಸಿಐಎ ಹಣ ಹರಿದದ್ದನ್ನು ಬಯಲಿಗೆಳೆಯಿತು. ಅದೇ ಮೇ ತಿಂಗಳಲ್ಲಿ ಸಿಐಎಯ ಹಳೆಯ ಅಧಿಕಾರಿ ಟಾಮಸ್ ಬ್ರೇಡನ್, ಹೌದು, ನಾವೇ ಕೊಟ್ಟೆವು, ಕೊಟ್ಟದ್ದು ಸರಿ ಎಂಬ ಧಾಟಿಯಲ್ಲಿ ಲೇಖನ ಬರೆದ. ಸ್ಪೆಂಡರ್ ‘ಎನ್‌ಕೌಂಟರ್’ ಬಿಟ್ಟು ಹೊರಬಂದರು. ಅಲ್ಲಿಯವರೆಗೆ, ತಮಗೆ ಹೇಳಿದ್ದನ್ನು ನಂಬಿ, ಕೇಳಿದವರಿಗೆಲ್ಲ ಅದು ಸರ್ಕಾರದ ಹಣವಲ್ಲ ಎಂದು ವಾದಿಸುತ್ತ ಬಂದವರು ಅವರು. 1976ರಲ್ಲಿ ಅಮೆರಿಕದ ಸೆನೆಟ್ಟಿನದೇ ಸಮಿತಿ ಕೊಟ್ಟ ವರದಿ, 1967 ಮುಗಿಯುವುದರೊಳಗೆ ಸಾವಿರಕ್ಕೂ ಮಿಕ್ಕಿದ ಪುಸ್ತಕಗಳು ಸಿಐಎ ನೆರವಿನಿಂದ ಹೊರಬಂದಿದ್ದವು ಎಂದು ಹೇಳಿತು.

ಇಲ್ಲಿ ಕೆಲವರು ಕೇಳುತ್ತಾರೆ: ಬರೆದದ್ದು ಒಳ್ಳೆಯದಾಗಿದ್ದರೆ ದುಡ್ಡು ಯಾರದಾದರೇನು? ಇದನ್ನು ತಳ್ಳಿಹಾಕುವಂತಿಲ್ಲ. ‘ಎನ್‌ಕೌಂಟರ್’ನ ಹಳೆಯ ಸಂಚಿಕೆಗಳಲ್ಲಿ ಇಂದಿಗೂ ಓದಿಸಿಕೊಳ್ಳುವ ಬರಹಗಳಿವೆ. ‘ಕ್ವೆಸ್ಟ್’ ಅಂತೂ 1976ರಲ್ಲಿ, ನಮ್ಮದೇ ತುರ್ತು ಪರಿಸ್ಥಿತಿಯ ಕಾಲದಲ್ಲಿ ನಿಂತುಹೋಯಿತು. ಸ್ವಾತಂತ್ರ್ಯದ ಮಾತು ಅವರಿಗೆ ಬಾಡಿಗೆ ಮಾತಾಗಿರಲಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಆದರೂ ನನ್ನ ತಕರಾರು ಉಳಿಯುತ್ತದೆ. ಗುಟ್ಟು ಬಯಲಾದ ದಿನ ಸ್ಟಾಲಿನ್ ಬಗ್ಗೆ ನಿಜ ಹೇಳಿದವನ ಕಡೆಗೂ ಬೆರಳು ತೋರಿಸಿ, ಇವನೂ ಸಂಬಳದವನೇ ಇರಬೇಕು ಎನ್ನುವ ಅವಕಾಶ ಎದುರಾಳಿಗಳಿಗೆ ಸಿಕ್ಕಿತು. ಒಂದು ಕಾಸನ್ನೂ ಮುಟ್ಟದವರಿಗೂ ಆ ಮಸಿ ತಗುಲಿತು. ಕೊಟ್ಟವರಿಗೇನು, ಅವರ ಕಚೇರಿಯ ಹೆಸರಿಗೆ ಮೊದಲೇ ಮಸಿಯಿತ್ತು. ನಷ್ಟವಾದದ್ದು ನಂಬಿ ಬರೆದವರಿಗೆ. ಸ್ವತಂತ್ರ ಮನಸ್ಸಿನ ಪರವಾಗಿ ಹೊರಟ ಹಣ, ತಾನು ಯಾರೆಂದು ಆ ಸ್ವತಂತ್ರ ಮನಸ್ಸಿಗೇ ಹೇಳಲಿಲ್ಲ.

ರಷ್ಯನ್ನರದು ಈ ವಿಷಯದಲ್ಲಿ ಬೇರೆ ರೀತಿ. ಅವರೂ ಗುಟ್ಟಾಗಿ ಹಣ ಹಂಚಿದವರೇ, ಅದು ಇನ್ನೊಂದು ಅಧ್ಯಾಯ. ಆದರೆ ಪುಸ್ತಕದ ಮಟ್ಟಿಗೆ ಮುಚ್ಚುಮರೆ ಇರಲಿಲ್ಲ. ಮಾಸ್ಕೊ ಎಂದು ಒಳಪುಟದಲ್ಲೇ ಅಚ್ಚಾಗಿರುತ್ತಿತ್ತು. ಗಟ್ಟಿ ರಟ್ಟು, ಒಳ್ಳೆಯ ಹೊಲಿಗೆ, ಬೆಲೆ ಮಾತ್ರ ಕಾಫಿ ತಿಂಡಿಯಷ್ಟು. ಬೆಂಗಳೂರಿನ ನವಕರ್ನಾಟಕದಂಥ ಮಳಿಗೆಗಳಲ್ಲಿ ಗಾರ್ಕಿ, ಚೆಕಾಫ್, ಪೆರೆಲ್‌ಮನ್ನರ ಭೌತವಿಜ್ಞಾನ ಎಲ್ಲ ಕೈಗೆಟಕುತ್ತಿದ್ದವು. ಇರೊಡಾಫ್‌ನ ಭೌತಶಾಸ್ತ್ರದ ಲೆಕ್ಕಗಳನ್ನು ಎಂಜಿನಿಯರಿಂಗ್ ಪ್ರವೇಶಕ್ಕೆ ಓದುವ ಮಕ್ಕಳು ಈಗಲೂ ಬಿಡಿಸುತ್ತಾರೆ; ಕಮ್ಯುನಿಸಂ ಎಂದರೇನೆಂದು ಅವರನ್ನು ಕೇಳಿ ನೋಡಿ!

ಆ ಮಳಿಗೆಯಲ್ಲಿ ಸಿಗದ ಪುಸ್ತಕದ ಮಾತನ್ನೂ ಹೇಳಬೇಕು. ಬೋರಿಸ್ ಪಾಸ್ತರ್ನಾಕ್ ಬರೆದ ‘ಡಾಕ್ಟರ್ ಜಿವಾಗೊ’ವನ್ನು ಸೋವಿಯತ್ ಪ್ರಕಾಶಕರು ಅಚ್ಚುಹಾಕಲು ಒಪ್ಪಲಿಲ್ಲ. 1957ರಲ್ಲಿ ಅದು ಇಟಲಿಯಲ್ಲಿ ಇಟಾಲಿಯನ್ ಭಾಷೆಯಲ್ಲಿ ಹೊರಬಂತು. ಮೂಲ ರಷ್ಯನ್ ಪಠ್ಯವನ್ನು ನೆದರ್ಲೆಂಡ್ಸ್‌ನಲ್ಲಿ ಮುದ್ರಿಸಿ, 1958ರ ಬ್ರಸೆಲ್ಸ್ ವಿಶ್ವ ಮೇಳಕ್ಕೆ ಬಂದ ಸೋವಿಯತ್ ಪ್ರವಾಸಿಗಳ ಕೈಗೆ ವ್ಯಾಟಿಕನ್ ಮಂಟಪದಲ್ಲಿ ಸದ್ದಿಲ್ಲದೆ ಇಡಿಸಿದ್ದು ಅದೇ ಸಿಐಎ. ಇದರ ಕಡತಗಳು 2014ರಲ್ಲಿ ಹೊರಬಂದವು. ಬಚ್ಚಿಟ್ಟು ಒಯ್ಯಲು ಕೆಲವರು ನೀಲಿ ರಟ್ಟನ್ನು ಕಿತ್ತೆಸೆದು ಹಾಳೆಗಳನ್ನು ಮಾತ್ರ ಜೇಬಿಗಿಳಿಸಿದರಂತೆ. ಅಕ್ಟೋಬರಿನಲ್ಲಿ ನೊಬೆಲ್ ಘೋಷಣೆಯಾಯಿತು; ತನ್ನ ದೇಶದ ಒತ್ತಡಕ್ಕೆ ಮಣಿದು ಪಾಸ್ತರ್ನಾಕ್ ಅದನ್ನು ನಿರಾಕರಿಸಬೇಕಾಯಿತು. ಒಬ್ಬ ಲೇಖಕನ ಪುಸ್ತಕ ಅವನ ಓದುಗರಿಗೆ ಅವನದೇ ಭಾಷೆಯಲ್ಲಿ ತಲುಪಲು ಪರದೇಶದ ಬೇಹುಗಾರರು ಬೇಕಾದರು. ಈ ಗುಟ್ಟಿನ ಕೆಲಸವನ್ನು ಮಾತ್ರ ಬೈಯಲು ನನಗೆ ಬಾಯಿ ಬರುವುದಿಲ್ಲ. ನನ್ನ ವಾದಕ್ಕೆ ಇದು ಅಡ್ಡ ಬರುತ್ತದೆ, ಬರಲಿ.

ಕೊನೆಯದಾಗಿ ಗ್ರಂಥಾಲಯದವರಿಗೆ ಹತ್ತಿರದ ಒಂದು ಸಂಗತಿ. ಪಿಎಲ್-480 ಎಂಬ 1954ರ ಕಾಯ್ದೆಯಡಿ ಬಂದ ಅಮೆರಿಕದ ಗೋಧಿಗೆ ನಾವು ಕೊಟ್ಟದ್ದು ರೂಪಾಯಿ. ಆ ರೂಪಾಯಿ ಅಮೆರಿಕಕ್ಕೆ ಹೋಗದೆ ಇಲ್ಲೇ ಗುಡ್ಡೆ ಬಿತ್ತು. ಈ ನಡುವೆ 1957ರಲ್ಲಿ ರಷ್ಯಾ ಸ್ಪುಟ್ನಿಕ್ ಹಾರಿಸಿ ಅಮೆರಿಕವನ್ನು ಬೆಚ್ಚಿಬೀಳಿಸಿತು. ಮರುವರ್ಷವೇ ಅಲ್ಲಿ ರಾಷ್ಟ್ರರಕ್ಷಣೆಯ ಹೆಸರಿನ ಒಂದು ಶಿಕ್ಷಣ ಕಾಯ್ದೆ ಬಂದು, ವಿಶ್ವವಿದ್ಯಾಲಯಗಳಲ್ಲಿ ಏಷ್ಯಾದ ಭಾಷೆಗಳ ಕಲಿಕೆಗೂ ಹಣ ಸಿಕ್ಕಿತು. ಭಾಷೆ ಕಲಿಯಲು ಪುಸ್ತಕ ಬೇಡವೆ? 1962ರಿಂದ ಅಲ್ಲಿನ ಲೈಬ್ರರಿ ಆಫ್ ಕಾಂಗ್ರೆಸ್ಸಿನ ದೆಹಲಿ ಕಚೇರಿ, ಗೋಧಿಯಿಂದ ಬಂದ ಆ ರೂಪಾಯಿಗಳಲ್ಲೇ ಭಾರತೀಯ ಭಾಷೆಗಳ ಪುಸ್ತಕಗಳನ್ನು ಕೊಂಡು ಅಮೆರಿಕದ ಗ್ರಂಥಾಲಯಗಳಿಗೆ ಕಳಿಸತೊಡಗಿತು. ಕನ್ನಡವೂ ಅದರಲ್ಲಿ ಸೇರಿತು. ಕಾದಂಬರಿ, ಕವನ ಸಂಕಲನ, ಇಲ್ಲಿ ನಾಲ್ಕು ಜನ ಕೊಳ್ಳದ ಸಣ್ಣ ಊರಿನ ಪ್ರಕಟಣೆ ಕೂಡ ಹಡಗು ಹತ್ತಿತು. ಹೀಗೆ ಪುಸ್ತಕ ಪಡೆದ ಗ್ರಂಥಾಲಯಗಳಲ್ಲಿ ಷಿಕಾಗೊ ವಿಶ್ವವಿದ್ಯಾಲಯದ್ದೂ ಒಂದು. ವಚನಗಳನ್ನು ಇಂಗ್ಲಿಷಿಗೆ ತಂದು 1973ರಲ್ಲಿ ‘ಸ್ಪೀಕಿಂಗ್ ಆಫ್ ಶಿವ’ ಪ್ರಕಟಿಸಿದ ಎ.ಕೆ. ರಾಮಾನುಜನ್ ಪಾಠ ಹೇಳುತ್ತಿದ್ದುದು ಅಲ್ಲೇ.

ಆ ಪುಸ್ತಕಗಳಲ್ಲಿ ಕೆಲವಕ್ಕೆ ಇಲ್ಲಿ ಗೆದ್ದಲು ಹಿಡಿದಿದೆ. ಹಳೆಯ ಕನ್ನಡ ಪುಸ್ತಕ ಹುಡುಕುವ ನಮ್ಮ ಸಂಶೋಧಕರು ಈಗ ಷಿಕಾಗೊದ ಸೂಚಿಯನ್ನೂ ತೆರೆದು ನೋಡುತ್ತಾರೆ.