ಮಾತಿನ ಜಾಮೀನು

ಇಂದು ಪದವಿ ಪಡೆದ ಗೆಳೆಯ ಗೆಳತಿಯರೇ,

ಸಭಾಪಾಲಕರಿಗೆ ಮಾತೇ ಕಸುಬು. ಭಾನುವಾರ ಪ್ರಸಂಗ, ಮದುವೆಯಲ್ಲಿ ಆಶೀರ್ವಾದ, ಆಸ್ಪತ್ರೆಯ ಮಂಚದ ಪಕ್ಕದಲ್ಲಿ ಪ್ರಾರ್ಥನೆ. ಆದ್ದರಿಂದ ಸವಿಯಾಗಿ ಮಾತಾಡಿ ಎಂದು ನಿಮಗೆ ಹೇಳಿಕೊಡಬೇಕಾಗಿಲ್ಲ. ಒಂದೆರಡು ವರ್ಷದಲ್ಲಿ ಅದು ತಾನಾಗಿ ರೂಢಿಯಾಗುತ್ತದೆ. ನನಗಿರುವ ಭಯವೂ ಅದೇ. ಆರಾಧನೆ ಮುಗಿದು ಬಾಗಿಲಲ್ಲಿ ನಿಂತು ಎಲ್ಲರಿಗೂ ‘ನಿಮಗಾಗಿ ಪ್ರಾರ್ಥಿಸುತ್ತೇನೆ’ ಎನ್ನುತ್ತೇವೆ. ಅವರು ಗೇಟು ದಾಟುವಷ್ಟರಲ್ಲಿ ಮರೆಯುತ್ತೇವೆ. ಹೇಳಿದವರಿಗೆ ಏನೂ ಖರ್ಚಾಗದ ಮಾತು ಅದು.

ಖರ್ಚಾಗುವ ಮಾತು ಹೇಗಿರುತ್ತದೆಂದು ತಿಳಿಯಲು ಬಾರ್ನಬನನ್ನು ನೋಡಿ. ಕುಪ್ರ ದ್ವೀಪದ ಲೇವಿಯ. ಹೊಲ ಮಾರಿ ಹಣವನ್ನು ಅಪೊಸ್ತಲರ ಪಾದದ ಬಳಿ ಇಟ್ಟವನು. ಅಪೊಸ್ತಲರ ಕೃತ್ಯಗಳ ಒಂಬತ್ತನೆಯ ಅಧ್ಯಾಯದಲ್ಲಿ ಸೌಲ ಯೆರೂಸಲೇಮಿಗೆ ಬರುತ್ತಾನೆ. ಮನೆಮನೆಗೆ ನುಗ್ಗಿ ಗಂಡಸರು ಹೆಂಗಸರೆನ್ನದೆ ಸೆರೆಗೆ ಹಾಕಿಸಿದವನು, ಸ್ತೆಫನನನ್ನು ಕಲ್ಲೆಸೆದು ಕೊಂದಾಗ ಒಪ್ಪಿ ನಿಂತವನು ಈಗ ‘ನಾನೂ ಶಿಷ್ಯ’ ಎಂದರೆ ಯಾರು ನಂಬುತ್ತಾರೆ? ಯಾರೂ ನಂಬಲಿಲ್ಲ. ಅವರ ಭಯದಲ್ಲಿ ತಪ್ಪೇನೂ ಇರಲಿಲ್ಲ. ಆಗ ಬಾರ್ನಬ ಅವನನ್ನು ಅಪೊಸ್ತಲರ ಬಳಿಗೆ ಕರೆದೊಯ್ದು, ದಮಸ್ಕದ ದಾರಿಯಲ್ಲಿ ಸೌಲ ಕರ್ತನನ್ನು ಕಂಡದ್ದನ್ನು ತಾನೇ ಬಿಡಿಸಿ ಹೇಳುತ್ತಾನೆ. ಸೌಲ ಮೋಸಗಾರನಾಗಿದ್ದರೆ ಸಭೆಯ ಜೊತೆಗೆ ಬಾರ್ನಬನ ಮರ್ಯಾದೆಯೂ ಮುಳುಗುತ್ತಿತ್ತು. ಸಾಲಕ್ಕೆ ಜಾಮೀನು ನಿಂತು ರುಜು ಹಾಕಿದ ಹಾಗಿತ್ತು ಆ ಮಾತು.

ಮುಂದೆ ಪೌಲನೆನಿಸಿಕೊಂಡ ಆ ಸೌಲನೂ ಇದನ್ನು ಕಲಿತ. ಫಿಲೆಮೋನನಿಗೆ ಬರೆದ ಪತ್ರ ಬರೀ ಇಪ್ಪತ್ತೈದು ವಚನ. ಯಜಮಾನನ ಮನೆ ಬಿಟ್ಟಿದ್ದ ದಾಸ ಒನೇಸಿಮನನ್ನು ಹಿಂದಕ್ಕೆ ಕಳುಹಿಸುತ್ತಾ, ಅವನ ಬಾಕಿ ಏನಿದ್ದರೂ ತನ್ನ ಲೆಕ್ಕಕ್ಕೆ ಹಾಕು ಎಂದು ಸ್ವಂತ ಕೈಯಲ್ಲಿ ಬರೆದುಕೊಟ್ಟ. ಬರೆದಾಗ ಅವನೇ ಸೆರೆಯಲ್ಲಿದ್ದ!

ಆದರೆ ಇದೇ ಪೌಲ ಒಮ್ಮೆ ಎಡವಿದ ಹುಡುಗನೊಬ್ಬನನ್ನು ಬೇಡವೆಂದ. ಮಾರ್ಕನೆಂಬ ಯೋಹಾನ ಬಾರ್ನಬ, ಪೌಲರ ಮೊದಲ ಸುವಾರ್ತಾ ಪ್ರಯಾಣದಲ್ಲಿ ಪಂಫುಲ್ಯದಿಂದ ವಾಪಸು ಹೋಗಿದ್ದ. ಎರಡನೆಯ ಸಲ ಅವನನ್ನು ಕರೆದುಕೊಂಡು ಹೋಗೋಣವೆಂದು ಬಾರ್ನಬ, ಕೂಡದೆಂದು ಪೌಲ. ಮಾತಿಗೆ ಮಾತು ಬೆಳೆದು ಇಬ್ಬರೂ ಬೇರೆಯಾದರು. ಕೃತ್ಯಗಳನ್ನು ಬರೆದ ಲೂಕ ಇದನ್ನು ಮುಚ್ಚಿಡಲಿಲ್ಲ. ಬಾರ್ನಬನನ್ನು ಮೃದುಸ್ವಭಾವದವನೆಂದು ಹಾಡಿಹೊಗಳುವ ಪ್ರಸಂಗಗಳು ಈ ಜಗಳವನ್ನು ಹಾರಿಸಿಬಿಡುತ್ತವೆ. ನನಗೆ ಅವನು ಹೆಚ್ಚು ಹತ್ತಿರವಾಗುವುದು ಇಲ್ಲಿಯೇ. ಒಬ್ಬ ಹುಡುಗನ ಪರವಾಗಿ ನಿಲ್ಲಲು ಅವನು ಪೌಲನಂಥವನ ಜೊತೆಯನ್ನೇ ಬಿಟ್ಟ. ಮಾರ್ಕನನ್ನು ಕರೆದುಕೊಂಡು ಕುಪ್ರಕ್ಕೆ ಹಡಗು ಹತ್ತಿದ. ಮುಂದೆ ಪೌಲನ ಹೆಸರಿನಲ್ಲಿ ತಿಮೊಥೆಯನಿಗೆ ಬರೆದ ಎರಡನೆಯ ಪತ್ರದಲ್ಲಿ ಅದೇ ಮಾರ್ಕನನ್ನು ಕರೆದುಕೊಂಡು ಬಾ, ಅವನು ಸೇವೆಗೆ ಉಪಯುಕ್ತ ಎಂಬ ಮಾತು ಬರುತ್ತದೆ. ಎರಡನೆಯ ಸುವಾರ್ತೆ ಅವನದೇ ಎಂದು ಸಭೆಯ ಪರಂಪರೆ ನಂಬಿದೆ.

ಸಾವಿನ ಮನೆಯ ಬಗ್ಗೆಯೂ ಒಂದು ಮಾತು. ಮಕ್ಕಳನ್ನು ಕಳೆದುಕೊಂಡ ಯೋಬನ ಗೆಳೆಯರು ಏಳು ಹಗಲು ಏಳು ರಾತ್ರಿ ಅವನೊಂದಿಗೆ ನೆಲದ ಮೇಲೆ ಸುಮ್ಮನೆ ಕೂತಿದ್ದರು. ಬಾಯಿ ತೆರೆದ ಮೇಲೆ ಎಲ್ಲ ಕೆಟ್ಟಿತು. ಅವರ ದೇವತಾಶಾಸ್ತ್ರ ಎಷ್ಟು ಅಚ್ಚುಕಟ್ಟಾಗಿತ್ತೆಂದರೆ ನಿಮ್ಮ ಪರೀಕ್ಷೆಯಲ್ಲಿ ಒಳ್ಳೆಯ ಅಂಕಗಳೇ ಸಿಗುತ್ತಿದ್ದವು. ದೇವರು ಮಾತ್ರ ಅವರ ಮೇಲೆ ಕೋಪಗೊಂಡ.

ಇನ್ನು ಕೆಲವೇ ವಾರಗಳಲ್ಲಿ ನೀವು ಒಂದೊಂದು ಊರಿಗೆ ಹೋಗುತ್ತೀರಿ. ಪೆಟ್ಟಿಗೆ ಬಿಚ್ಚುವ ಮೊದಲೇ ಯಾರಾದರೂ ಕಾಫಿಗೆ ಕರೆದು, ‘ನಿಮಗಿಂತ ಮುಂಚೆ ಇದ್ದ ಅಯ್ಯನವರು ಇದ್ದರಲ್ಲ…’ ಎಂದು ಶುರು ಮಾಡುತ್ತಾರೆ. ನೀವು ಬರೀ ಹೂಂಗುಟ್ಟಿದರೂ ಸಾಕು, ಸಂಜೆಯೊಳಗೆ ಅದು ನಿಮ್ಮ ಅಭಿಪ್ರಾಯವಾಗಿ ಊರೆಲ್ಲ ಸುತ್ತುತ್ತದೆ. ಅಲ್ಲಿಲ್ಲದವರ ಪರವಾಗಿ ಒಂದು ಒಳ್ಳೆಯ ಮಾತು ಆಡಿದರೆ ಕಾಫಿ ಸ್ವಲ್ಪ ತಣ್ಣಗಾಗಬಹುದು. ಆಗಲಿ.

ಸಭಾ ಸಮಿತಿಯಲ್ಲೂ ಒಂದು ಹೆಸರು ಬರುತ್ತದೆ: ಕುಡಿತ ಬಿಟ್ಟು ಮತ್ತೆ ಹಿಡಿದು ಮತ್ತೆ ಬಿಟ್ಟವನೋ, ಗಂಡನ ಮನೆಯಿಂದ ವಾಪಸು ಬಂದು ಗಾಯನ ತಂಡದಲ್ಲಿ ಹಾಡಲು ಆಸೆಪಟ್ಟವಳೋ. ಮೇಜಿನ ಸುತ್ತ ಕೂತವರು ಕಣ್ಣು ತಗ್ಗಿಸುತ್ತಾರೆ. ಎಲ್ಲರೂ ಸೌಮ್ಯವಾಗಿಯೇ, ‘ಈಗ ಬೇಡ ಅಯ್ಯನವರೇ’ ಎನ್ನುತ್ತಾರೆ. ಆ ಹೆಸರಿಗೆ ನಿಮ್ಮ ಹೆಸರನ್ನು ಜೋಡಿಸಿ ಮಾತಾಡಬೇಕಾದೀತು, ಮಾತು ಬೆಳೆದೀತು, ಸಂಬಳದ ವಿಷಯ ಎತ್ತುವವರೂ ಇದ್ದಾರು.